ಹದಿಮೂರು ಗಂಟು ಹೊತ್ತು ಸಿಲೋನಿಗೆ

ರೋಣದ ಬಸ್ಸು

ಸಿಲೋನಿಗೆ ಹೋಗಿ ಬಂದವನು ಸಮುದ್ರದಿಂದ ಶುರು ಮಾಡಬೇಕಂತೆ. ನಮ್ಮೂರ ಸಾಲಿ ಮಾಸ್ತರರ ಅಭಿಪ್ರಾಯ ಅದು. ಆದರೆ ನಾನು ಶಿಕ್ಕಾದಿಂದ ಶುರು ಮಾಡಬೇಕಾಗಿದೆ. ಗಜೇಂದ್ರಗಡದ ನಮ್ಮ ನೇಕಾರರ ಸೊಸೈಟಿಯ ಹಿತ್ತಾಳೆ ಶಿಕ್ಕಾ, ಅಂದರೆ ಕಾಗದಪತ್ರಗಳ ಮೇಲೆ ಒತ್ತುವ ಮುದ್ರೆ, ನನ್ನ ಟ್ರಂಕಿನ ತಳದಲ್ಲಿ ಎರಡು ಧೋತರಗಳ ನಡುವೆ ಮಲಗಿತ್ತು. ಅದು ಇರಬೇಕಾದದ್ದು ಸೊಸೈಟಿಯ ಮೇಜಿನ ಮೇಲೆ, ಹೊಸ ಚೇರ್ಮನ್ ವಿರೂಪಣ್ಣನ ಎದುರಿಗೆ.

ಹೊಸ ಚೇರ್ಮನ್ ಎಂದು ಬರೆಯುವಾಗ ಈಗಲೂ ನನ್ನ ಕೈ ತುಸು ತಡೆಯುತ್ತದೆ. ಆರು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು. ವಿರೂಪಣ್ಣ ನನ್ನ ವಾರಿಗೆಯವನು, ನಮ್ಮಿಬ್ಬರ ಮನೆಗಳಿಗೆ ನಡುವಿನ ಗೋಡೆ ಒಂದೇ. ನಾನು ಭಾಷಣ ಮಾಡಬಲ್ಲೆ, ಅರ್ಜಿ ಬರೆಯಬಲ್ಲೆ, ಧಾರವಾಡಕ್ಕೆ ಹೋಗಿ ಸಾಹೇಬರ ಮುಂದೆ ನಿಲ್ಲಬಲ್ಲೆ. ಅವನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಮೇಲೇಳುವುದು ಉಣ್ಣಲಿಕ್ಕೆ ಮಾತ್ರ. ಅಂಥವನನ್ನು ಜನ ಎಬ್ಬಿಸಿ ನನ್ನ ಎದುರಿಗೆ ನಿಲ್ಲಿಸಿದರು.

ದೇಶವೇ ಡಬ್ಬಿಗಳಲ್ಲಿ ಓಟು ಹಾಕಿದ ಮೇಲೆ ನಾವೇಕೆ ಕೈ ಎತ್ತಿ ಆರಿಸಬೇಕು, ಗುಪ್ತವಾಗಿ ಹಾಕೋಣ ಎಂದು ಸಭೆಯಲ್ಲಿ ಠರಾವಾಗಿತ್ತು. ಅಕ್ಷರ ಬಾರದವರು ಬಹಳ. ಹೀಗಾಗಿ ಡಬ್ಬಿಗೆ ಬದಲು ಎರಡು ಗಡಿಗೆ, ಚೀಟಿಗೆ ಬದಲು ಗೇಣುದ್ದದ ಒಂದು ಬಿಳಿ ಎಳೆ. ನನ್ನ ಗಡಿಗೆಗೆ ಸುಣ್ಣದ ಗೆರೆ, ಅವನ ಗಡಿಗೆಗೆ ಕೆಮ್ಮಣ್ಣಿನ ಗೆರೆ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ತಮಗೆ ಬೇಕಾದವನ ಗಡಿಗೆಯಲ್ಲಿ ಎಳೆ ಬಿಟ್ಟು ಬರಬೇಕು.

ತಪ್ಪಾದದ್ದು ಇಲ್ಲಿಯೇ. ನೇಕಾರನ ಕೈಗೆ ಎಳೆ ಕೊಟ್ಟು ಸುಮ್ಮನೆ ಬಿಡು ಎಂದರೆ ಬಿಟ್ಟಾನೆಯೇ? ಕೈಯಲ್ಲಿರುವ ಎಳೆಯದೊಂದು, ಗಡಿಗೆಯಲ್ಲಿ ಮೊದಲೇ ಬಿದ್ದ ಎಳೆಯದೊಂದು, ಹೀಗೆ ಬಿಡಿ ತುದಿಗಳೆರಡು ಕಂಡರೆ ಸಾಕು, ಬೆರಳುಗಳು ತಾವಾಗಿಯೇ ಗಂಟು ಹಾಕಿಬಿಡುತ್ತವೆ. ಎಣಿಸಲು ಕೂತಾಗ ವಿರೂಪಣ್ಣನ ಗಡಿಗೆಯಲ್ಲಿ ಹನ್ನೊಂದು ಜೋಡಿ, ನನ್ನದರಲ್ಲಿ ಎರಡು ಜೋಡಿ ಎಳೆಗಳು ಗಂಟು ಬಿದ್ದಿದ್ದವು. ಬಿಡಿಬಿಡಿಯಾಗಿ ಎಣಿಸಿದರೆ ಅವನಿಗೆ ಅರವತ್ತೊಂದು, ನನಗೆ ಐವತ್ನಾಲ್ಕು. ಗಂಟು ಹಾಕಿದ್ದನ್ನು ಒಂದೇ ಎಂದು ಹಿಡಿದರೆ ಅವನಿಗೆ ಐವತ್ತು, ನನಗೆ ಐವತ್ತೆರಡು.

"ಈರಪ್ಪಾ, ಇಬ್ಬರು ಬಂದು ಎರಡ ಎಳಿ ಹಾಕ್ಯಾರ. ಅದು ಒಂದ ಹ್ಯಾಂಗ ಆಗತೈತಿ?" ಎಂದು ಸೂಡಿಯಿಂದ ಬಂದಿದ್ದ ಹಿರಿಯ ಸದಸ್ಯರು ಕೇಳಿದರು.

"ಮಗ್ಗದ ಮ್ಯಾಲೆ ಹರಿದ ಎಳಿಗೆ ಗಂಟ ಹಾಕತೀರಿ. ಆಮ್ಯಾಲೆ ಅದನ್ನ ಎರಡ ಅಂತ ಎಣಸತೀರೇನ್ರಿ?" ಎಂದೆ.

ಅವರು ಎದ್ದರು. ಅವರ ಹಿಂದೆ ಎಲ್ಲರೂ ಹೋಗಿ ವಿರೂಪಣ್ಣನಿಗೆ ಹಾರ ಹಾಕಿದರು. ನಾನು ಶಿಕ್ಕಾವನ್ನೂ ಎರಡೂ ಗಡಿಗೆಯ ಗಂಟುಗಳನ್ನೂ ಎತ್ತಿಕೊಂಡು ಮನೆಗೆ ಬಂದೆ. ನರಗುಂದದ ವಕೀಲರೊಬ್ಬರ ಹತ್ತಿರ ಹೋದೆ. ಎಳೆಯ ವಿಷಯ ಕಾಯದೆಯಲ್ಲಿ ಇಲ್ಲ, ನಿಮ್ಮಿಬ್ಬರ ಗುರುತಿಲ್ಲದ, ಆದರೆ ಎಳೆಯ ಕೆಲಸ ಬಲ್ಲ ಒಬ್ಬರ ಅಭಿಪ್ರಾಯ ತಂದರೆ ತಕರಾರಿಗೆ ತೂಕ ಬರುತ್ತದೆ ಎಂದರು ಅವರು. ನಮ್ಮ ಸುತ್ತಿನಲ್ಲಿ ಎಳೆ ಬಲ್ಲವರೆಲ್ಲ ವಿರೂಪಣ್ಣನನ್ನೂ ಬಲ್ಲರು, ಅದೇ ತೊಡಕು.

ಅಷ್ಟರಲ್ಲಿ ಕೊಲಂಬೊದ ಹೊತ್ತು ಬಂತು. ಅಲ್ಲಿ ಕೈಕಸಬಿನ ಪ್ರದರ್ಶನಕ್ಕೆ ಸೀರೆ ತೆಗೆದುಕೊಂಡು ಬನ್ನಿ ಎಂಬ ಆಮಂತ್ರಣ ನಾನು ಕುರ್ಚಿಯಲ್ಲಿದ್ದಾಗಲೇ ಬಂದಿತ್ತು, ಪಾಸ್‌ಪೋರ್ಟು ನನ್ನ ಹೆಸರಿನಲ್ಲೇ ಆಗಿತ್ತು. ವಿರೂಪಣ್ಣ ಅಡ್ಡ ಬರುತ್ತಾನೆ ಎಂದು ಜಗಳಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದೆ. ಅವನು ಬಸ್ಸಿನ ತನಕ ಬಂದು ನನ್ನ ಟ್ರಂಕನ್ನು ಮೇಲೆ ಏರಿಸಿದ.

"ನೀನ ಹೋಗಿ ಬಾ. ನನಗ ನೀರ ಕಂಡ್ರ ಅಂಜಿಕಿ. ಶಿಕ್ಕಾ ಬಂದ ಮ್ಯಾಲೆ ಕೊಡುವಂತಿ" ಎಂದ.

ಅವನ ಕೈ ಟ್ರಂಕಿನ ಮೇಲೇ ಇತ್ತು. ಶಿಕ್ಕಾ ಅದರೊಳಗಿದೆ ಎಂದು ಅವನಿಗೆ ಗೊತ್ತಿತ್ತು. ಜಗಳವಾಡಿದ್ದರೆ ನನ್ನ ಪ್ರವಾಸ ಸುಖವಾಗಿ ಆಗುತ್ತಿತ್ತು.

ಸೂಡಿಯ ಹತ್ತಿರ ಬಸ್ಸಿನ ಎಂಜಿನ್ ಕಾದು ಹೊಗೆ ಬಂತು, ಎಲ್ಲರೂ ಇಳಿದು ಜಾಲಿಯ ನೆರಳಿಗೆ ನಿಂತೆವು. ಪುರ್ತಗೇರಿಯ ಒಬ್ಬ ಹೆಣ್ಣುಮಗಳು ನನ್ನನ್ನು ಗುರುತಿಸಿ, "ಚೇರ್ಮನ್ನರು ಎತ್ತಾಗ ಹೊಂಟೀರಿ?" ಎಂದಳು. ಎದೆ ತಣ್ಣಗಾಯಿತು. ಅಷ್ಟರಲ್ಲಿ ಪಕ್ಕದವಳು ಅವಳ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ರೋಣದಲ್ಲಿ ಬಸ್ಸು ನಿಂತಾಗ ಸೊಸೈಟಿಗಳ ಕಚೇರಿಗೆ ಓಡಿ, ಎಣಿಕೆಯ ಮೇಲೆ ನಾನು ಕೊಟ್ಟಿದ್ದ ತಕರಾರು ಅರ್ಜಿ ಏನಾಯಿತೆಂದು ಕೇಳಿದೆ. "ಸಾಹೇಬ್ರು ಎರಡ ಸಲ ಓದ್ಯಾರ್ರಿ. ಎರಡೂ ಸಲ ನಕ್ಕಾರ. ಇನ್ನಾ ಏನೂ ಬರದಿಲ್ಲ" ಎಂದ ಕಾರಕೂನ.

ತಲೈಮನ್ನಾರ್

ಗದಗಿನಿಂದ ರೈಲು ಹತ್ತಿ, ಗುಂತಕಲ್ಲು, ಮದ್ರಾಸು ಎಂದು ಬದಲಿಸುತ್ತ ಧನುಷ್ಕೋಟಿಗೆ ಬಂದೆ. ಅಲ್ಲಿ ರೈಲು ಇಳಿದು ಹಡಗು ಹತ್ತುವುದು. ನೀರಿನ ಬಗ್ಗೆ ಬಹಳ ಜನ ಬಹಳ ಬರೆದಿದ್ದಾರೆ. ನನಗೆ ಕಂಡದ್ದೆಂದರೆ, ನಮ್ಮ ಎರೆಹೊಲದಲ್ಲಿ ಜೋಳ ಎದೆಮಟ್ಟ ಬೆಳೆದಾಗ ಗಾಳಿ ಬೀಸಿದರೆ ಹೇಗೋ ಹಾಗೆ. ಒಂದು ಗಳಿಗೆ ಚಂದ ಎನ್ನಿಸಿತು. ಆಮೇಲೆ ಹೊಟ್ಟೆ ತೊಳಸಿತು. ವಿರೂಪಣ್ಣ ಈಗ ನೆಲದ ಮೇಲೆ, ಮಗ್ಗದಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದಾನೆ ಎಂಬುದು ನೆನಪಾಗಿ ಇನ್ನಷ್ಟು ತೊಳಸಿತು.

ಆಚೆ ದಂಡೆಯ ತಲೈಮನ್ನಾರಿನಲ್ಲಿ ಸುಂಕದ ಸಾಹೇಬ ನನ್ನ ಟ್ರಂಕು ಬಿಚ್ಚಿಸಿದ. ನನ್ನ ಹೆಂಡತಿ ಗೌರವ್ವ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದ. ನಡುವೆ ಬಂಗಾರ ಇದೆಯೇನೋ ಎಂದು ಒಂದನ್ನು ಮುರಿದೂ ನೋಡಿದ. ಮೂಸಿ, ತುಸು ತಿಂದು, ಇನ್ನೊಂದು ತುಂಡು ಕಿಸೆಗೆ ಹಾಕಿಕೊಂಡ. ಶಿಕ್ಕಾ ಸಿಕ್ಕಾಗ ಇದೇನು ಎಂಬಂತೆ ಹುಬ್ಬು ಏರಿಸಿದ. ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಒಂದು ಚೇರ್ಮನ್. ಅದನ್ನೇ ಹೇಳಿ ಎದೆ ಮುಟ್ಟಿಕೊಂಡೆ. ಅವನು ಟೊಪ್ಪಿಗೆಗೆ ಕೈ ಹಚ್ಚಿ ವಂದಿಸಿದ. ಸಮುದ್ರ ದಾಟಿ ಬಂದದ್ದು ಸಾರ್ಥಕವಾಯಿತು ಎಂದುಕೊಂಡೆ.

ಆಮೇಲೆ ಅವನು ಸೀರೆ ಬಿಚ್ಚಿದ. ಕಪ್ಪು ಮೈ, ಕೆಂಪು ಸೆರಗು, ಅಗಲವಾದ ಪಟ್ಟೇದ ಅಂಚು. ಎರಡೂ ಕೈಯಲ್ಲಿ ಹಿಡಿದು ಎತ್ತಿ, ತಲೆ ಆಡಿಸುತ್ತ, "ಹರಿ, ಹರಿ" ಎಂದ.

ನಾನು ನಿಂತಲ್ಲಿಂದ ಹಾರಿ ಸೀರೆಯನ್ನು ಕಸಿದುಕೊಂಡು ಎದೆಗೆ ಅವಚಿಕೊಂಡೆ. ರೊಟ್ಟಿ ಮುರಿದವನು ಸೀರೆ ಹರಿಯದೆ ಬಿಟ್ಟಾನೆಯೇ? ಅವನು ಗಾಬರಿಯಾಗಿ ಕೈ ಬೀಸುತ್ತ ಮತ್ತೆ ಮತ್ತೆ "ಹರಿ, ಹರಿ" ಎನ್ನುತ್ತಿದ್ದ. ನಾನು ಸೀರೆಯನ್ನು ಕೆಳಗಿಟ್ಟು ಅದರ ಮೇಲೆಯೇ ಕೂತುಬಿಟ್ಟೆ. ಸಾಲಿನಲ್ಲಿ ನಿಂತವರೆಲ್ಲ ನೋಡುತ್ತಿದ್ದರು.

ಆಗ ಗುಂಪಿನಿಂದ ಒಬ್ಬರು ಮುಂದೆ ಬಂದರು. "ಏಳ್ರಿ ಮೇಲೆ. ಇಲ್ಲಿ ಹರಿ ಅಂದ್ರೆ ಸರಿ ಅಂತ ಅರ್ಥ. ಎಲ್ಲ ಸರಿ ಐತೆ, ಹೋಗು ಅಂತಿದಾರೆ ಅವರು" ಎಂದರು ಕನ್ನಡದಲ್ಲಿ. ನನ್ನನ್ನು ಕರೆದುಕೊಂಡು ಹೋಗಲು ಪ್ರದರ್ಶನದವರು ಕಳಿಸಿದ್ದ ತಿಪ್ಪಯ್ಯನವರು ಇವರೇ. ಮೂಲ ಬಳ್ಳಾರಿ, ಕೊಲಂಬೊದಲ್ಲಿ ಬಟ್ಟೆ ಅಂಗಡಿ. ಒಪ್ಪಿಗೆಗೆ ಹರಿ ಎನ್ನುವ ಜನರ ನಡುವೆ ನೇಕಾರ ಹೇಗೆ ಬಾಳಬೇಕು ಎಂದು ಅವರನ್ನು ಕೇಳಿದೆ. ಮೂರು ದಿನದಲ್ಲಿ ರೂಢಿ ಆಗುತ್ತದೆ ಎಂದರು. ಆದದ್ದೂ ಹಾಗೆಯೇ.

ಕೊಲಂಬೊ, ಮೊದಲ ದಿನ

ಈ ಊರಿನ ಹಸಿರನ್ನು ನೋಡಿ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಯಾರೂ ಕೇಳದೆ ಬೀಳುವ ಮಳೆ. ಗೋಡೆಯ ಬಿರುಕಿನಲ್ಲೂ ಗಿಡ. ಮಳೆಗೆ ಬಾಯಿ ಬಿಡುವ ನಮ್ಮ ಅಸೂಟಿಯ ರೈತ ನೋಡಿದರೆ ತಲೆ ಮೇಲೆ ಕೈ ಹೊತ್ತು ಕೂತಾನು. ಜನ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು ಕಡಿಯುತ್ತ ಕಪ್ಪು ಚಹಾ ಹೀರುತ್ತಾರೆ. ಮೂರೂ ಹೊತ್ತು ಅನ್ನ, ಅದಕ್ಕೆ ತೆಂಗು. ರೊಟ್ಟಿ ಎಂದು ಕೇಳಿದರೆ ತೆಂಗಿನ ತುರಿ ಹಾಕಿ ಸುಟ್ಟ ದಪ್ಪ ಬಿಲ್ಲೆ ತಂದುಕೊಟ್ಟರು. ತಿಂದೆ, ಆದರೆ ಅದನ್ನು ರೊಟ್ಟಿ ಎಂದು ಒಪ್ಪಲಿಲ್ಲ. ಒಪ್ಪದಿರುವುದು ಆಗ ನನ್ನ ಸ್ವಭಾವವೇ ಆಗಿತ್ತು.

ಪ್ರದರ್ಶನದಲ್ಲಿ ನನಗೆ ಒಂದು ಮೂಲೆ, ಒಂದು ಮೇಜು, ಒಂದು ಬಿಳಿ ರಟ್ಟು ಕೊಟ್ಟರು. ಮಾಡಿದವರ ಹೆಸರು ಬರೆಯಿರಿ ಎಂದರು. ನಾನು 'ಈರಪ್ಪ, ಚೇರ್ಮನ್, ಗಜೇಂದ್ರಗಡ' ಎಂದು ಹೇಳಿದೆ, ತಿಪ್ಪಯ್ಯನವರು ಇಂಗ್ಲಿಷಿನಲ್ಲಿ ಬರೆದರು. ಅದರ ಮೇಲೆ ಶಿಕ್ಕಾ ಒತ್ತಿದೆ.

ಪಕ್ಕದ ಮೂಲೆಯಲ್ಲಿ ಗಾಲೆ ಊರಿನ ಒಬ್ಬ ಮುದುಕಿ ಕೂತಿದ್ದಳು. ಬಿಳಿ ಕುಪ್ಪಸ, ತೊಡೆಯ ಮೇಲೆ ದಿಂಬು, ದಿಂಬಿನ ತುಂಬ ಗುಂಡುಸೂಜಿ. ಎಳೆ ಸುತ್ತಿದ ಮರದ ಕಡ್ಡಿಗಳನ್ನು ಟಕಟಕ ಎಂದು ಅತ್ತಿಂದಿತ್ತ ಎಸೆಯುತ್ತ ಲೇಸು ಹೆಣೆಯುತ್ತಿದ್ದಳು. ಎಲ್ಲರೂ ಅವಳನ್ನು ನೋನಾ, ಅಂದರೆ ಅಮ್ಮನವರು, ಎನ್ನುತ್ತಿದ್ದರು. ಹೊತ್ತು ಕಳೆಯಲಿಕ್ಕೆ ನಾನೂ ಎರಡು ಎಳೆ ಹಿಡಿದು ಗಂಟು ಹಾಕುವುದು, ಬಿಚ್ಚುವುದು ಮಾಡುತ್ತ ಕೂತೆ. ಅವಳು ಅದನ್ನು ಓರೆಗಣ್ಣಿನಿಂದ ನೋಡುತ್ತಿದ್ದಳು.

ಮಧ್ಯಾಹ್ನ ಎದ್ದು ಬಂದು ನನ್ನ ಸೀರೆಯನ್ನು ಮುಟ್ಟಿದಳು. ಅಂಚು ನೋಡಲಿಲ್ಲ, ಬಣ್ಣ ನೋಡಲಿಲ್ಲ. ನೇರವಾಗಿ ಮೈ ಮತ್ತು ಸೆರಗು ಕೂಡುವ ಜಾಗಕ್ಕೆ ಹೋಗಿ, ಹಿಂಬದಿ ತಿರುವಿ, ಭೂತಗನ್ನಡಿ ಹಿಡಿದಳು. ನಮ್ಮ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಸಿಕ್ಕಿಸಿ ಎರಡನ್ನೂ ಕೂಡಿಸುತ್ತೇವೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಗಜೇಂದ್ರಗಡದಲ್ಲಿ ಅತ್ಯಂತ ಸಣ್ಣ ಕೊಂಡಿ ಯಾರದೆಂದು ಹೇಳಬೇಕಾಗಿಲ್ಲ.

ಮುದುಕಿ ಬಹಳ ಹೊತ್ತು ನೋಡಿ ಏನೋ ಅಂದಳು. ತಿಪ್ಪಯ್ಯನವರು ತುಸು ಮುಜುಗರದಿಂದ ಹೇಳಿದರು: "ಕುಣಿಕೆಗಳೆಲ್ಲ ಎಡಕ್ಕೆ ಮಲಗ್ಯಾವಂತೆ. ಇದು ಎಡಗೈಯವರ ಕೆಲಸ, ಇಂಥ ಕೈ ಈ ವಯಸ್ಸಿನ ತನಕ ಕಂಡಿಲ್ಲ ಅಂತಾಳೆ. ನೀವು ಬಲಗೈಯವರಲ್ವಾ ಅಂತ ಕೇಳ್ತಾಳೆ."

ನಮ್ಮೂರ ನೇಕಾರರಲ್ಲಿ ಎಡಗೈಯವನು ವಿರೂಪಣ್ಣ ಒಬ್ಬನೇ. ಅವಳು ರಟ್ಟಿನ ಮೇಲಿದ್ದ ನನ್ನ ಹೆಸರನ್ನೂ ನನ್ನ ಬಲಗೈಯನ್ನೂ ನೋಡಿದಳು. ನಾನು ಚೇರ್ಮನ್, ಚೇರ್ಮನ್ ಎಂದೆ. ಅವಳು "ಹರಿ, ಹರಿ" ಎಂದು ತನ್ನ ದಿಂಬಿಗೆ ಹೋದಳು. ಹಡಗಿಗೆ ಹೆದರಿ ಊರಲ್ಲಿ ಉಳಿದವನು ನನಗಿಂತ ಮುಂಚೆ ಕೊಲಂಬೊ ಮುಟ್ಟಿ ಹೊಗಳಿಸಿಕೊಳ್ಳುತ್ತಿದ್ದ.

ಕೊಲಂಬೊ, ಮೂರನೆಯ ದಿನ

ಎರಡು ದಿನ ಅಸೂಯೆಯಲ್ಲಿ ಬೆಂದ ಮೇಲೆ ನನಗೆ ಒಂದು ಯುಕ್ತಿ ಹೊಳೆಯಿತು. ವಕೀಲರು ಹೇಳಿದ್ದೇನು? ಇಬ್ಬರ ಗುರುತೂ ಇಲ್ಲದವರು, ಆದರೆ ಎಳೆಯ ಕೆಲಸ ಬಲ್ಲವರು. ಕುಣಿಕೆ ನೋಡಿಯೇ ಎಡ ಬಲ ಹೇಳುವವಳಿಗಿಂತ ದೊಡ್ಡ ಪಂಚರು ಯಾರಿದ್ದಾರೆ? ಇವಳ ಬಾಯಿಂದ 'ಗಂಟು ಹಾಕಿದ್ದು ಒಂದೇ ಎಳೆ' ಎಂದು ಹೇಳಿಸಿ ಕಾಗದದ ಮೇಲೆ ಬರೆಸಿಕೊಂಡರೆ ರೋಣದ ಸಾಹೇಬರು ಮೂರನೆಯ ಸಲ ನಗಲಾರರು.

ಮಧ್ಯಾಹ್ನ ಜನ ಕಡಿಮೆಯಾದಾಗ ಟ್ರಂಕಿನಲ್ಲಿ ತಂದಿದ್ದ ಗಂಟುಗಳ ಎರಡೂ ಪೊಟ್ಟಣಗಳನ್ನು ಮುದುಕಿಯ ಮುಂದೆ ಬಿಚ್ಚಿದೆ. ಒಂದರಲ್ಲಿ ವಿರೂಪಣ್ಣನ ಗಡಿಗೆಯ ಹನ್ನೊಂದು ಗಂಟು, ಇನ್ನೊಂದರಲ್ಲಿ ನನ್ನ ಗಡಿಗೆಯ ಎರಡು. ಅವನ ಹನ್ನೊಂದನ್ನು ನಾನು ಹತ್ತಾರು ಸಲ ಹರವಿ ನೋಡಿದ್ದೆ. ನನ್ನ ಎರಡರಿಂದ ಏನೂ ಪ್ರಯೋಜನವಿಲ್ಲವೆಂದು ಆ ಪೊಟ್ಟಣ ಬಿಚ್ಚಿಯೇ ಇರಲಿಲ್ಲ. ತಿಪ್ಪಯ್ಯನವರು ಗಡಿಗೆಯ ಕಥೆಯನ್ನು ಸಿಂಹಳದಲ್ಲಿ ಹೇಳಿದರು. ಯಾವ ಗಂಟು ಯಾರ ಗಡಿಗೆಯದು ಎಂದೂ ಹೇಳಿದರು. ಮುದುಕಿ ನಗಲಿಲ್ಲ. ಅದು ನನಗೆ ಹಿಡಿಸಿತು.

ಅವಳು ಹನ್ನೊಂದನ್ನು ಒಂದೊಂದಾಗಿ ಭೂತಗನ್ನಡಿಯ ಕೆಳಗೆ ತಿರುವಿದಳು. ತಿಪ್ಪಯ್ಯನವರು ಅವಳ ಮಾತನ್ನು ಹೇಳುತ್ತ ಹೋದರು. "ಹನ್ನೊಂದೂ ಬೇರೆ ಬೇರೆ ಕೈ. ಇದು ಮುದುಕರದು, ಬೆರಳು ನಡುಗ್ಯಾವೆ. ಇದು ಅವಸರದ್ದು. ಇದನ್ನ ಕಟ್ಟಿದವರು ಬಲು ಪ್ರೀತಿಯಿಂದ ಕಟ್ಯಾರೆ, ಬಿಗಿದು ಮತ್ತೆ ಒಮ್ಮೆ ಒತ್ಯಾರೆ ಅಂತಾಳೆ."

ಊರಿನಲ್ಲಿ ನಾನು ಹೇಳಿಕೊಂಡು ತಿರುಗಿದ್ದು ಬೇರೆ. ಅವನೇ ಗಡಿಗೆಯಲ್ಲಿ ಕೈ ಹಾಕಿ ಹೆಚ್ಚಿನ ಎಳೆ ಸೇರಿಸಿ ಗಂಟು ಕಟ್ಟಿದ್ದಾನೆ, ಎಲ್ಲ ಒಬ್ಬನದೇ ಕೈ ಎಂದಿದ್ದೆ. ಹನ್ನೊಂದು ಮಂದಿ ಅವನ ಗಡಿಗೆಯ ಮುಂದೆ ಒಂದು ಗಳಿಗೆ ಹೆಚ್ಚಿಗೆ ನಿಂತಿದ್ದರು. ನನ್ನ ಗಡಿಗೆಯ ಮುಂದೆ ನಿಂತವರು ಎಳೆ ಬಿಟ್ಟು ಹೊರಟುಹೋಗಿದ್ದರು. ಸೋತದ್ದಕ್ಕಿಂತ ಇದು ಹೆಚ್ಚು ಚುಚ್ಚಿತು.

"ನನ್ನವ ಎರಡ ಅದಾವಲ್ರಿ. ನನಗೂ ಇಬ್ಬರು ಕಟ್ಯಾರ" ಎಂದೆ.

ಮುದುಕಿ ಮೊದಲನೆಯ ಗಂಟು ಎತ್ತಿ ನೋಡಿ ನನ್ನ ಕೈ ತೋರಿಸಿದಳು. ಮೂರು ದಿನ ನಾನು ಗಂಟು ಹಾಕಿ ಬಿಚ್ಚುವುದನ್ನು ನೋಡಿದ್ದಳಲ್ಲ. ಹೌದು, ಅದು ನನ್ನದೇ. ನಾನು ನನಗೇ ಹಾಕಿಕೊಂಡ ಓಟು. ಗಡಿಗೆಯಲ್ಲಿ ಮೇಲೆಯೇ ಇದ್ದ ಎಳೆಗೆ ನನ್ನ ಬೆರಳು ಗಂಟು ಹಾಕಿತ್ತು, ನನಗೆ ಮರೆತೇ ಹೋಗಿತ್ತು.

ಎರಡನೆಯದನ್ನು ನೋಡಿ ಅವಳು ದಿಂಬನ್ನು ಪಕ್ಕಕ್ಕಿಟ್ಟಳು. ಎದ್ದು ನನ್ನ ಮೇಜಿಗೆ ಬಂದು ಸೀರೆಯ ಕೊಂಡಿಯ ಪಕ್ಕದಲ್ಲಿ ಆ ಗಂಟನ್ನಿಟ್ಟಳು. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು.

ನೋಡಲು ಭೂತಗನ್ನಡಿ ಬೇಕಾಗಿರಲಿಲ್ಲ. ಸಾಸಿವೆಗಿಂತ ಸಣ್ಣ ಗಂಟು, ಎಡಕ್ಕೆ ಮಲಗಿತ್ತು.

ವಿರೂಪಣ್ಣ ನನಗೆ ಓಟು ಹಾಕಿದ್ದ.

"ಎಳೆ ಒಂದೋ ಎರಡೋ ಹೇಳಲೇನು ಅಂತ ಕೇಳ್ತಾಳೆ" ಎಂದರು ತಿಪ್ಪಯ್ಯನವರು.

"ಬ್ಯಾಡ ಅನ್ರಿ" ಎಂದೆ. ಪೊಟ್ಟಣಗಳನ್ನು ಕಟ್ಟಿಕೊಂಡು ಹೊರಗೆ ಬಂದೆ.

ಸಮುದ್ರದ ದಂಡೆ

ಸಂಜೆ ಮುಂದೆ ಕೊಲಂಬೊದ ಜನ ಸಂಸಾರ ಸಮೇತ ದಂಡೆಯ ಹುಲ್ಲಿನ ಮೇಲೆ ಬಂದು ಕೂಡುತ್ತಾರೆ. ಗಾಳಿಪಟ ಹಾರಿಸುತ್ತಾರೆ, ಕಡಲೆ ತಿನ್ನುತ್ತಾರೆ, ಯಾರೂ ಯಾವುದಕ್ಕೂ ಅವಸರ ಮಾಡುವುದಿಲ್ಲ. ಅವರ ನಡುವೆ ನಾನು ಟ್ರಂಕು ಕಳೆದುಕೊಂಡವನಂತೆ ಕೂತಿದ್ದೆ.

ನನಗೆ ಓಟು ಹಾಕಿದ್ದಾನೆಂದು ತಿಳಿದಾಗ ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಚಂದವಾಗಿರುತ್ತದೆ. ಆದರೆ ಬಂದದ್ದು ಅದಲ್ಲ. ಹೊಟ್ಟೆಕಿಚ್ಚು ಬಂತು. ನೇಯುವುದರಲ್ಲಿ ನನಗಿಂತ ಮೇಲು, ಇರಲಿ. ಜನರ ಪ್ರೀತಿ ಅವನಿಗೆ, ಇರಲಿ. ದೊಡ್ಡ ಮನಸ್ಸು ಎಂಬುದಾದರೂ ನನ್ನ ಪಾಲಿಗೆ ಇದೆ ಎಂದು ಆರು ವರ್ಷ ಭಾಷಣ ಮಾಡಿದ್ದೆನಲ್ಲ, ಅದನ್ನೂ ಪರದೆಯ ಹಿಂದೆ ಯಾರಿಗೂ ಹೇಳದೆ ಅವನೇ ತೆಗೆದುಕೊಂಡುಬಿಟ್ಟಿದ್ದ. ಅವನ ಎಳೆ ಅವನಿಗೇ ಬಿದ್ದಿದ್ದರೆ ಇನ್ನೂ ಹೆಚ್ಚು ಅಂತರದಿಂದ ಗೆಲ್ಲುತ್ತಿದ್ದ. ಸೋಲಿನಲ್ಲೂ ನನಗೆ ಒಂದು ಎಳೆ ಉಪಕಾರ ಮಾಡಿದ್ದ.

ಇನ್ನೊಂದು ಮಾತು ನಿಧಾನವಾಗಿ ತಲೆಗೆ ಹತ್ತಿತು. ಆ ಸಣ್ಣ ಗಂಟು ಎರಡು ಎಳೆಗಳನ್ನು ಕೂಡಿಸಿತ್ತು. ಅದನ್ನು ಒಂದೇ ಎಂದು ಹಿಡಿದರೆ ಒಂದೋ ವಿರೂಪಣ್ಣ ನನಗೆ ಓಟು ಹಾಕಿಲ್ಲ, ಇಲ್ಲವೇ ಅವನಿಗಿಂತ ಮುಂಚೆ ಹಾಕಿದ ಬಡಪಾಯಿ ಹಾಕಿಲ್ಲ. ಯಾರನ್ನು ಇಲ್ಲ ಎನ್ನಲಿ? ಇಬ್ಬರೂ ಬೇಕಾಗಿದ್ದರು ನನಗೆ.

ಮರುದಿನ ಹೋಗಿ ರಟ್ಟು ಬದಲಿಸಿದೆ. 'ವಿರೂಪಣ್ಣ, ಗಜೇಂದ್ರಗಡ' ಎಂದು ಬರೆಸಿದೆ. ಅದರ ಮೇಲೆ ಶಿಕ್ಕಾ ಒತ್ತುವಾಗ ನನ್ನ ಕೈ ಸ್ವಲ್ಪ ಜೋರಾಗಿಯೇ ಬಿತ್ತು, ರಟ್ಟು ತೂತಾಯಿತು. ಮುದುಕಿ ನೋಡಿ, ಕಡ್ಡಿ ಎಸೆಯುವುದನ್ನು ನಿಲ್ಲಿಸದೆ, "ಹರಿ, ಹರಿ" ಎಂದಳು.

ಗಜೇಂದ್ರಗಡ

ಮೂರು ವಾರದ ಮೇಲೆ ಊರಿಗೆ ಬಂದೆ. ಗೌರವ್ವ ಕಾಲಿಗೆ ನೀರು ಕೊಟ್ಟು, "ಸೊರಗೀರಿ. ಅಲ್ಲಿ ಉಣ್ಣಾಕ ಹಾಕಲಿಲ್ಲೇನ್ರಿ?" ಎಂದಳು. ರೊಟ್ಟಿ ತಿಂದೆ. ಆಮೇಲೆ ಶಿಕ್ಕಾ, ಪೊಟ್ಟಣ ಎರಡೂ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ.

ವಿರೂಪಣ್ಣ ಮಗ್ಗದಲ್ಲಿದ್ದ. ಲಾಳಿ ನಿಲ್ಲಿಸಿ, "ಬಾ, ಕುಂಡ್ರು. ಹಡಗ ಭಾಳ ತೂಗತೈತೇನು?" ಎಂದ. ಅವನ ಪಕ್ಕದಲ್ಲಿ ಸೊಸೈಟಿಯ ಕಾಗದಗಳ ಕಟ್ಟು ಇತ್ತು. ಎಲ್ಲದರ ಕೆಳಗೂ ಒಂದು ಶಿಕ್ಕಾದಷ್ಟು ಜಾಗ ಖಾಲಿ ಬಿಟ್ಟಿದ್ದ.

"ಹೊಸಾದ ಮಾಡಿಸಬೇಕಿತ್ತು" ಎಂದೆ.

"ನೀ ತರತಿ ಅಂತ ಗೊತ್ತಿತ್ತು. ಮತ್ತ ಯಾಕ?" ಎಂದ.

ಶಿಕ್ಕಾವನ್ನು ಕಾಗದಗಳ ಮೇಲಿಟ್ಟೆ. ಪೊಟ್ಟಣ ಬಿಚ್ಚಿ ಅವನ ಗಂಟನ್ನು ಅವನ ಅಂಗೈಯಲ್ಲಿಟ್ಟೆ. ನೋಡಿದ ಕೂಡಲೇ ಅವನ ಮುಖ ಕೆಂಪಾಯಿತು, ಕದ್ದು ಸಿಕ್ಕಿಬಿದ್ದವನಂತೆ.

"ನನಗ್ಯಾಕ ಹಾಕಿದಿ?"

"ನನಗ ನಾನ ಹಾಕ್ಕೊಳ್ಳಾಕ ನಾಚಿಕಿ ಆತು" ಎಂದ. "ಮತ್ತ ನೀ ಬರೇ ಮಾತಿನವನಲ್ಲ. ಆರ ವರ್ಷ ನಮಗ ನೂಲ ತಪ್ಪಲಿಲ್ಲ. ಅದು ಖರೇನ ಅಲ್ಲೇನು?"

ಅವನು ಎಳೆಯ ಎರಡೂ ತುದಿಗಳನ್ನು ಬೆರಳಿಗೆ ಸುತ್ತಿಕೊಂಡು ಹಿಡಿದಿದ್ದ.

"ಹಂಗಾರ ಇದು ಎರಡ ಅಂತ ಒಪ್ಪಿದಿ?" ಎಂದು ಮೆಲ್ಲಗೆ ಕೇಳಿದ.

ಮೂರು ವಾರದ ರೂಢಿ. "ಹರಿ, ಹರಿ" ಎಂದೆ.

ಅವನಿಗೆ ಬರುವುದು ನಮ್ಮ ಭಾಷೆಯೊಂದೇ. ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಹೇಳಿದ ಮಾತು ಕೇಳುವವನಂತೆ ಎಳೆಯನ್ನು ಎರಡೂ ಕಡೆ ಜಗ್ಗಿದ. ಎಳೆ ಹರಿಯಿತು. ಗಂಟಿನಲ್ಲಿ ಅಲ್ಲ, ಅದರಿಂದ ಬೆರಳಷ್ಟು ಆಚೆಗೆ. ಗಂಟು ಹಾಗೆಯೇ ಇತ್ತು.

ಹರಿದ ತುದಿಗಳು ನನ್ನ ಕಣ್ಣ ಮುಂದೆ ಬಿಡಿಯಾಗಿ ನೇತಾಡುತ್ತಿದ್ದವು. ನನ್ನ ಬೆರಳುಗಳು ನನ್ನನ್ನು ಕೇಳಲಿಲ್ಲ. ಅವನ ಕೈಯಿಂದ ತೆಗೆದುಕೊಂಡು ಗಂಟು ಹಾಕಿದವು. ಇಬ್ಬರೂ ಬಾಗಿ ನೋಡಿದೆವು. ಅವನ ಗಂಟಿನ ಪಕ್ಕದಲ್ಲಿ ನನ್ನದು ದಪ್ಪಗಿತ್ತು.